ಕಾಲುಚೀಲದ ತುಂಬ ಉಪ್ಪು

ಕಾರಿನ ಹಿಂದಿನ ಸೀಟು,
ನವೆಂಬರ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಕಂದಾ? ಹಾಸ್ಟೆಲ್ಲಿನಲ್ಲಿ ಹೊಟ್ಟೆ ತುಂಬ ತಿನ್ನುತ್ತೀಯೋ, ಪರೀಕ್ಷೆ ಅಂತ ಒಣಗಿ ಕೂತಿದ್ದೀಯೋ? ನಾವು ಹೇಗೋ ಇದ್ದೀವಿ. ನಿಮ್ಮಪ್ಪನ ಕೆಮ್ಮೂ ಇಳಿದಿಲ್ಲ, ಜಂಬವೂ ಇಳಿದಿಲ್ಲ. ನಿನ್ನ ರಜೆಯ ವಿಷಯ ಕೊನೆಗೆ ಬರೀತೀನಿ.

ಬಿರುಕು ಬಿಟ್ಟ ಮನೆ ಕೆಡವಿದ ಮೇಲೆ ಈ ಕಾರೇ ನಮಗೆ ನಡುಮನೆ, ಮಲಗೋ ಕೋಣೆ ಎಲ್ಲ. ಬಾಗಿಲು ಹಾಕಿಕೊಂಡು ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ನಮ್ಮ ಉಸಿರಿಗೇ ಗಾಜಿನ ಒಳಗೆಲ್ಲ ನೀರು, ಹೊದಿಕೆ ಒದ್ದೆ. ಅದಕ್ಕೇ ನಿಮ್ಮಪ್ಪ ಉಪ್ಪಿನ ಪ್ರಯೋಗ ಶುರು ಹಚ್ಚಿಕೊಂಡರು. ನಿನ್ನ ಹಳೇ ಸ್ಕೂಲಿನ ಕಾಲುಚೀಲಗಳಿಗೆ ಉಪ್ಪು ತುಂಬಿ ಗಾಜಿನ ಕೆಳಗೆ ಸಾಲಾಗಿ ಮಲಗಿಸಿದರು. ಅದು ತೇವ ಎಳೆದುಕೊಳ್ಳುತ್ತಂತೆ. ನಿಜವಾಗಿ ಎಳೀತು ಕಣೇ! ಬಟ್ಟೆಯಲ್ಲಿ ಉಪ್ಪು ಕಟ್ಟಿ ಗಾಜಿನ ಹೊರಮೈಗೆ ಉಜ್ಜಿದರು, ಮಳೆಹನಿ ಅದರ ಮೇಲೆ ನಿಲ್ಲದೆ ಜಾರಿಹೋಯಿತು. ಸೀಟಿಗೆ ಉದುರಿಸಿ ಗುಡಿಸಿದರು, ಮುಗ್ಗಲು ವಾಸನೆ ಹೋಯಿತು. "ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದೋನು ನಾನು, ನನಗೇ ಕಾರು ಹೇಳಿಕೊಡ್ತೀಯಾ?" ಅಂತ ಮೀಸೆ ತಿರುವಿದ್ದೇ ತಿರುವಿದ್ದು. ಬಿಸಿಲು ಬಂದರೆ ಆ ಕಾಲುಚೀಲಗಳನ್ನು ಬಾನೆಟ್ಟಿನ ಮೇಲೆ ಒಣಹಾಕೋರು. ಹೋಗೋರು ಬರೋರು ಈ ಕಾರಿನಲ್ಲಿ ಹತ್ತು ಕಾಲಿನ ಮಗು ಇದೆಯೇನೋ ಅನ್ನೋ ಹಾಗೆ ನೋಡೋರು.

ಈಗ ಬಿಸಿಲೆಲ್ಲಿ? ಒದ್ದೆ ಉಪ್ಪು ಕಾಲುಚೀಲದಿಂದ ಸೋರಿ ಸೋರಿ ಕೆಳಗಿನ ಹಾಸಿನೊಳಗೆ ಇಳಿದಿದೆ. ನಾನು ಬಾಯಿ ಬಡಕೊಂಡೆ, ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲೇ ಹಳೇ ತಗಡು, ಉಪ್ಪುನೀರಿಗೆ ತುಕ್ಕು ತಿಂದುಹಾಕಿತು. ಮೊನ್ನೆ ಮುಂದಿನ ಸೀಟಿನ ಹತ್ತಿರ ಕಾಲಿಟ್ಟರೆ ಪುಡಿಪುಡಿಯಾಗಿ ಉದುರಿ ರಸ್ತೆ ಕಾಣಿಸಿತು. ಬೆಸುಗೆಯವನು ಬಗ್ಗಿ ನೋಡಿ, ಇಲ್ಲಿ ಬೆಸೆಯೋಕೆ ಗಟ್ಟಿ ತಗಡೇ ಉಳಿದಿಲ್ಲ ಅಂತ ಕೈ ಚೆಲ್ಲಿ ಹೋದ. ರಟ್ಟು ಮುಚ್ಚಿದ್ದೇವೆ, ಗಾಳಿ ಮಾತ್ರ ಸೀದಾ ಒಳಗೇ ಬರುತ್ತೆ. ಅವತ್ತಿಂದ ನಿಮ್ಮಪ್ಪ ಮೀಸೆ ಮುಟ್ಟಿಲ್ಲ. ಬೈಯೋಕೂ ಮನಸ್ಸು ಬರೋದಿಲ್ಲ ಪುಟ್ಟಿ, ಪಾಪ ಅನ್ನಿಸುತ್ತೆ. ನನಗಂತೂ ಮುಂದೇನು ಅಂತ ಯೋಚಿಸೋ ಶಕ್ತಿಯೇ ಹೋಗಿದೆ.

ಚೆನ್ನಾಗಿ ಓದು. ಕಿವಿ ಬೆಚ್ಚಗೆ ಕಟ್ಟಿಕೊಂಡು ಓಡಾಡು. ನೂರು ಕಾಲ ಸುಖವಾಗಿರು.

ಇಂತಿ,
ನಿನ್ನ ಅಮ್ಮ

ತಾ.ಕ.: ಅವರು ನೀರು ತರೋಕೆ ಹೋಗಿದ್ದಾರೆ, ಬೇಗ ಬರೆದುಬಿಡ್ತೀನಿ. ರಜೆಗೆ ಬರಬೇಡ ಕಂದಾ. ಮುಂದಿನ ಸೀಟು ನಿನಗೇ ಅಂತ ದಿನಾ ಒರೆಸಿ ಇಡುತ್ತಾರೆ, ತೂತು ಅದರ ಕೆಳಗೇ ಇದ್ದರೂ. ಹಾಸ್ಟೆಲ್ಲಿನಲ್ಲಿ ಬಿಡಲಿಲ್ಲ ಅಂತ ಏನಾದರೂ ನೆಪ ಹೇಳಿ ಅವರಿಗೇ ಕಾಗದ ಬರಿ, ನಾನು ಹೇಳಿದೆ ಅನ್ನಬೇಡ. ನಿನ್ನನ್ನು ನೋಡಬೇಕು ಅಂತ ನನಗೂ ದಿನಾ ಅನ್ನಿಸುತ್ತೆ. ಆದರೆ ನಮ್ಮಿಬ್ಬರ ಉಸಿರಿಗೇ ಇಲ್ಲಿರೋ ಉಪ್ಪು ಸಾಲುತ್ತಿಲ್ಲ.