ಮಳೆಗೊಂದು ಬಾಡಿಗೆ ಜಾಗ

ಚಿಕ್ಕಲಸಂದ್ರ,
೨೫ ಅಕ್ಟೋಬರ್ ೧೯೯೮, ಭಾನುವಾರ

ಪ್ರೀತಿಯ ಅಲಮೇಲು,

ಹೇಗಿದ್ದೀಯ? ನಿನ್ನ ಮಂಡಿನೋವು ಹಾಸನದ ಚಳಿಗೆ ಒಗ್ಗಿಕೊಂಡಿತೋ, ಇಲ್ಲ ಅಲ್ಲಿಯೂ ಅಳಿಯನ ಮನೆಯ ಮೆಟ್ಟಿಲುಗಳ ಮೇಲೆ ದೂರು ಹೊರಿಸುತ್ತಿದೆಯೋ? ಸಂಹಿತಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ ತಾನೆ? ಮೊಮ್ಮಗ ಥೇಟ್ ನನ್ನ ಹಾಗೆ ಎಂದು ಅವಳು ಫೋನಿನಲ್ಲಿ ಹೇಳಿದಳು. ಹಲ್ಲಿಲ್ಲ, ಕೂದಲಿಲ್ಲ, ಹೊಟ್ಟೆ ತುಂಬಿದೊಡನೆ ನಿದ್ದೆ. ಹೋಲಿಕೆಯನ್ನು ಅಲ್ಲಗಳೆಯುವಂತಿಲ್ಲ. ನಾನು ಆರೋಗ್ಯವಾಗಿದ್ದೇನೆ. ಸಾರು ಮಾಡುವುದನ್ನು ಕಲಿತಿದ್ದೇನೆ. ಅದು ಸಾರು ಎಂದು ಬಂದವರಿಗೆ ಸಾರಿ ಹೇಳಬೇಕಾಗುತ್ತದೆ, ಅಷ್ಟೆ.

ಇನ್ನು ಸುದ್ದಿ. ಮಾರ್ಚಿನಲ್ಲಿ ನೀನು ಬಾಣಂತನಕ್ಕೆಂದು ಹೊರಟಾಗ ಆಟೋ ಹತ್ತಿ ಕೂತು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಬಾಡಿಗೆಗೆ ಕೂತಿದೆ. “ಟ್ಯಾಂಕರ್ ನೀರಲ್ಲಿ ದೇವರ ಪಾತ್ರೆ ತೊಳೆಯೋಕೆ ನನ್ನ ಕೈಲಾಗಲ್ಲ ರೀ. ನನ್ನ ಬಾವೀಲಿ ನೀರು ಕಂಡ ದಿನ ಬರ್ತೀನಿ” ಎಂದಿದ್ದೆ. ಬಾಣಂತನ ಮುಗಿದು ಎಷ್ಟೋ ದಿನವಾದರೂ ನೀನು ಬರಲಿಲ್ಲ. ನೀನು ತಮಾಷೆ ಮಾಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮನೆಯಲ್ಲಿ ನೀರೂ ಇಲ್ಲ, ನೀರೆಯೂ ಇಲ್ಲ. ಕಾಲೇಜಿನಲ್ಲಿ ಇಡೀ ಜೀವಮಾನ ಹುಡುಗರಿಗೆ ಸಾಮ್ರಾಜ್ಯಗಳ ಪತನ ಪಾಠ ಮಾಡಿದವನು ತನ್ನ ಮನೆಯ ಹಿತ್ತಿಲಿನ ಪತನವನ್ನು ಸುಮ್ಮನೆ ನೋಡುತ್ತಾ ಕೂರಬಹುದೇ?

ವಿಚಾರಿಸುತ್ತಾ ಹೋದೆ. ನಮ್ಮ ಬಾವಿಯ ಒರತೆ ಹಿಂದಿನ ಕೆರೆಯಿಂದ. ಕೆರೆಗೆ ನೀರು ಮೇಲಿನ ದಿಣ್ಣೆಯಿಂದ. ಆ ದಿಣ್ಣೆ ಯಾರದು ಎಂದುಕೊಂಡೆ? ನಿನ್ನ ಸೊಪ್ಪಿನ ಮುನಿವೆಂಕಟಮ್ಮನದು! ಗೇಟಿನ ಮುಂದೆ ಬುಟ್ಟಿ ಇಳಿಸಿದಾಗಲೆಲ್ಲ ಇನ್ನೊಂದು ಕಟ್ಟು ದಂಟು ಹಾಕೆಂದು ನೀನು ವರ್ಷಗಟ್ಟಲೆ ಜಗಳವಾಡಿದೆಯಲ್ಲ, ಅದೇ ಮುನಿವೆಂಕಟಮ್ಮ. ಇಟ್ಟಿಗೆ ಗೂಡಿನವನೊಬ್ಬ ಅವಳ ಬೆನ್ನು ಬಿದ್ದಿದ್ದ. ಹೋದ ವರ್ಷ ಅವನು ಅಂಚಿನಲ್ಲಿ ಒಂದಿಷ್ಟು ಮಣ್ಣು ತೋಡಿದ್ದಕ್ಕೇ ಮಿಕ್ಕದ್ದು ಜಾರಿ ಕಾಲುವೆ ಮುಚ್ಚಿತ್ತು; ಕೆರೆಗೆ ಹೋಗಬೇಕಾದ ಮಳೆ ನಮ್ಮ ರಸ್ತೆಗೆ ಬಂದಿತ್ತು. ಈ ಸಲ ಅವನಿಗೆ ಇಡೀ ದಿಣ್ಣೆಯ ಮಣ್ಣು ಬೇಕಿತ್ತು, ಅದಕ್ಕೆ ವರ್ಷವರ್ಷವೂ ದುಡ್ಡು ಕೊಡುತ್ತಾನಂತೆ. ದಿಣ್ಣೆ ಹೋದರೆ ಕೆರೆ, ಕೆರೆ ಹೋದರೆ ನಿನ್ನ ಬಾವಿ, ಬಾವಿ ಹೋದರೆ ನನ್ನ ಭಾವಿ ಜೀವನ.

ಬಡಾವಣೆಯ ಸಂಘದಲ್ಲಿ ಎದ್ದು ನಿಂತು ಹೇಳಿದೆ: ಟ್ಯಾಂಕರಿನವನಿಗೆ ಸುರಿಯುವ ದುಡ್ಡನ್ನು ಆ ಹೆಂಗಸಿಗೆ ಕೊಡೋಣ, ಅವಳು ಮಣ್ಣು ಮಾರದಿರಲಿ, ಬದು ಕಟ್ಟಲಿ, ಇಳಿಜಾರಿನಲ್ಲಿ ಹುಲ್ಲು ಬೆಳೆಸಲಿ, ಕಾಲುವೆ ತೆರೆದಿಡಲಿ. ನಮ್ಮ ಅಧ್ಯಕ್ಷರು ಗೊತ್ತಲ್ಲ, ನಿವೃತ್ತ ಎಂಜಿನಿಯರ್ ಕರಿಬಸವಯ್ಯ. ಒಪ್ಪಿದರು, ಆದರೆ ನಮ್ಮ ಸಂಘಕ್ಕೆ ತಿಳಿದ ಒಂದೇ ರೀತಿಯಲ್ಲಿ. ಸನ್ಮಾನ ಏರ್ಪಡಿಸಿದರು. ಮುನಿವೆಂಕಟಮ್ಮನನ್ನು ಗಣೇಶನ ಪೆಂಡಾಲಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ರೈತರು ದೇಶದ ಬೆನ್ನೆಲುಬು ಎಂದು ಗಂಟೆಗಟ್ಟಲೆ ಮಾತಾಡಿದರು. ಕೊನೆಗೆ ಅವಳ ಕೈಗೆ ಮೈಕು ಬಂತು. “ಬೆನ್ನೆಲುಬು ಕೂತು ಕೂತು ನೋಯ್ತದೆ. ಈ ಶಾಲು ಹೊದ್ಕಂಡು ನಾನ್ ಮಲೀಕ್ಕಂಡ್ರೆ ಮಣ್ಣು ನಿಂತ್ಕತದಾ ಸಾಮಿ?” ಸಹಾಯಧನ ಎಂದು ಕರಿಬಸವಯ್ಯ ಕೊಟ್ಟ ಕವರನ್ನು ಅವಳು ತೆರೆಯದೆ ಹಿಂದಿರುಗಿಸಿದಳು. ಇದು ದಾನವಲ್ಲ, ಬಾಡಿಗೆ. ನಿಮ್ಮ ಮಳೆಗೆ ನನ್ನ ಜಾಗ ಕೊಡುತ್ತಿದ್ದೇನೆ ಎಂಬುದು ಅವಳ ವಾದ. ಬಾಡಿಗೆಯಾದರೆ ಮೊದಲು ಹತ್ತು ತಿಂಗಳ ಅಡ್ವಾನ್ಸ್ ಇಡಬೇಕಂತೆ.

ಕರಿಬಸವಯ್ಯ ಕೆರಳಿದರು. ಇದ್ಯಾವ ನ್ಯಾಯ ಎಂದರು. ಅವಳು ಶಾಲು ಸರಿಮಾಡಿಕೊಂಡು, “ನಿಮ್ ಮಾಡೀ ಮನೇಗೆ ಎಷ್ಟ್ ತಿಂಗ್ಳು ಇಸ್ಕಂಡ್ರಿ ಸಾಮಿ?” ಎಂದು ಮೆಲ್ಲಗೆ ಕೇಳಿದಳು. ಆ ಮಹಡಿ ಮನೆಯ ಬಾಡಿಗೆದಾರ ಬಸವಂತ, ಬಾಗಲಕೋಟೆಯ ಹುಡುಗ, ಹಿಂದಿನ ಸಾಲಿನಿಂದ “ಖರೇ ಕೇಳಾಕತ್ತಾಳ ನೋಡ್ರಿ ಅಜ್ಜಿ” ಎಂದುಬಿಟ್ಟ. ಪೆಂಡಾಲಿನಲ್ಲಿದ್ದ ಮನೆ ಮಾಲೀಕರೆಲ್ಲ ಒಬ್ಬೊಬ್ಬರಾಗಿ ಚಪ್ಪಲಿ ನೋಡಿಕೊಳ್ಳತೊಡಗಿದರು. ಹತ್ತು ತಿಂಗಳು ತೆಗೆದುಕೊಳ್ಳದ ಪುಣ್ಯಾತ್ಮ ನಮ್ಮ ಬಡಾವಣೆಯಲ್ಲಿ ಯಾರಿದ್ದಾನೆ? ಮರುದಿನವೇ ಹನ್ನೊಂದು ತಿಂಗಳ ಕರಾರು ಟೈಪಾಯಿತು. ಬಾಡಿಗೆದಾರರು: ನಾವು. ವಾಸಕ್ಕೆ ಬರುವವರು: ಮಳೆ. ಕರಾರಿನಲ್ಲಿ ಮೊಳೆ ಹೊಡೆಯಬಾರದು ಎಂಬ ಮಾಮೂಲಿ ಷರತ್ತು ಕೂಡ ಉಳಿದುಬಿಟ್ಟಿದೆ. ಮಳೆರಾಯ ಈವರೆಗೆ ಪಾಲಿಸಿದ್ದಾನೆ.

ಅವಳು ಮಾತಿನಂತೆ ನಡೆದಳು, ಅಲಮೇಲು. ಗೂಡಿನವನ ಲಾರಿಗೆ ಅಡ್ಡವಾಗಿ ಹೊಂಗೆ ಸಸಿಗಳ ಸಾಲು ನೆಟ್ಟಳು. ಬಾಡಿಗೆ ಕೊಡುವವರೂ ಮೈ ಬಗ್ಗಿಸಲಿ ಎಂದು ಕರಿಬಸವಯ್ಯನವರ ಕೈಗೇ ಸನಿಕೆ ಕೊಟ್ಟು ಕಾಲುವೆಗೆ ಇಳಿಸಿದಳು. ಈ ತಿಂಗಳ ಮಳೆ ಸುರಿಯಿತು ನೋಡು! ದಿಣ್ಣೆಯಿಂದ ಕೆಂಪು ಕೆಸರಲ್ಲ, ತಿಳಿನೀರು ಇಳಿಯಿತು. ಮೊನ್ನೆ ಬೆಳಿಗ್ಗೆ ಕೆರೆ ಕೋಡಿ ಬಿತ್ತು. ಬಡಾವಣೆಯೇ ಏರಿಯ ಮೇಲಿತ್ತು. ಬಸವಂತ ಸಕ್ಕರೆ ಹಂಚಿದ. ಕರಿಬಸವಯ್ಯ ಕೆರೆಗೂ ಒಂದು ಶಾಲು ಹೊದಿಸುವ ಯೋಚನೆಯಲ್ಲಿದ್ದಾರೆ. ಟ್ಯಾಂಕರಿನವನು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಇಷ್ಟು ದೊಡ್ಡ ಪ್ರಶಸ್ತಿ ನನಗೆ ಕಾಲೇಜಿನಲ್ಲೂ ಬಂದಿರಲಿಲ್ಲ.

ಮೊಮ್ಮಗನಿಗೆ ಬೊಕ್ಕಬಾಯಿಯ ತಾತನ ಆಶೀರ್ವಾದ. ಸಂಹಿತಾಗೂ ಅಳಿಯಂದಿರಿಗೂ ಶುಭವಾಗಲಿ. ನಿನ್ನ ಮಂಡಿಗಳೆರಡಕ್ಕೂ ಬೇರೆ ಬೇರೆಯಾಗಿ ಕೇಳಿದೆನೆಂದು ತಿಳಿಸು.

ನೀರಿನಲ್ಲಿ ಗೆದ್ದು ಸಾರಿನಲ್ಲಿ ಸೋತ ನಿನ್ನ
ವೆಂಕಟಾಚಲ

ಮರೆತಿದ್ದೆ: ಗೂಡಿನವನು ಮತ್ತೆ ಬಂದು ಎರಡರಷ್ಟು ದುಡ್ಡಿನ ಆಸೆ ತೋರಿಸಿದ್ದಾನೆ. ನಮ್ಮ ಕರಾರು ಬರುವ ಮಳೆಗಾಲದ ನಡುವೆಯೇ ಮುಗಿಯುತ್ತದೆ. ಮುನಿವೆಂಕಟಮ್ಮ ಈಗಲೇ ಹತ್ತು ವರ್ಷಕ್ಕೆ ಬರೆದುಕೊಡಲು ಸಿದ್ಧ, ಆದರೆ ನನ್ನ ಸಹಿಯಾಗಲಿ ಅಧ್ಯಕ್ಷರ ಸಹಿಯಾಗಲಿ ಅವಳಿಗೆ ಬೇಡವಂತೆ. “ಗಂಡಸ್ರು ಸಂಘ ಕಟ್ತಾರೆ, ಸಂಘ ಒಡೀತಾರೆ. ಆಯಮ್ಮ ಒಂದ್ ಕಟ್ ಸೊಪ್ಪಿಗೆ ಕಿತ್ತಾಡ್ತದೆ, ಆಡಿದ್ ಮಾತು ಮಾತ್ರ ತಪ್ಪಾಕಿಲ್ಲ. ಅದೇ ಬಂದು ಸೈನ್ ಹಾಕ್ಲಿ” ಎನ್ನುತ್ತಾಳೆ. ನವೆಂಬರ್ ಆರು, ಶುಕ್ರವಾರ, ಸೊಪ್ಪಿನ ಬುಟ್ಟಿಯೊಂದಿಗೆ ನಮ್ಮ ಗೇಟಿಗೆ ಬರುತ್ತಾಳೆ. ನೀನು ಗುರುವಾರದ ಬಸ್ಸು ಹಿಡಿ. ಬಾವಿಯ ಹಗ್ಗವನ್ನು ಅರ್ಧಕ್ಕೆ ಕತ್ತರಿಸಿಟ್ಟಿದ್ದೇನೆ. ಈಗ ಅಷ್ಟೇ ಸಾಕು.