ಗೋಡೆಯಿಂದ ನನ್ನನ್ನು ಇಳಿಸಿಕೊಡಿ

ಔಷಧ ಅಂಗಡಿಗಳ ತಪಾಸಣೆ ಮಾಡುವ ಮಾನ್ಯರೇ,

ಗುಳೇದಗುಡ್ಡದ ಔಷಧ ಅಂಗಡಿಯೊಂದರ ಗೋಡೆಯ ಮೇಲೆ ನನ್ನ ಫಾರ್ಮಾಸಿಸ್ಟ್ ಪ್ರಮಾಣಪತ್ರ ತೂಗುತ್ತಿದೆ, ಫೋಟೋ ಸಮೇತ. ಕೆಳಗಿನ ಕುರ್ಚಿಯಲ್ಲಿ ನಾನಿಲ್ಲ. ಯುಗಾದಿಗೇ ನನ್ನನ್ನು ಕೆಲಸದಿಂದ ತೆಗೆದರು. ಇದನ್ನು ಆಗಲೇ ತಮಗೆ ಬರೆದು ತಿಳಿಸಿದ್ದೆ. ತಾವು ಬಂದಿರಿ, ಗೋಡೆ ನೋಡಿದಿರಿ, ಚಹಾ ಕುಡಿದಿರಿ, 'ಎಲ್ಲವೂ ಕ್ರಮಬದ್ಧ' ಎಂದು ಷರಾ ಬರೆದು ಹೋದಿರಿ. ಫೋಟೋದಲ್ಲಿರುವ ಹೆಂಗಸು ಎಲ್ಲಿ ಎಂದು ಕೇಳಲು ಅಷ್ಟು ಕಷ್ಟವಿತ್ತೇ?

ಸೇರಿದ ದಿನವೇ ಮಾಲೀಕರು ಹೇಳಿದ್ದರು: "ದಿನಾ ಯಾಕ ಬರ್ತೀರಿ ಅಕ್ಕಾರ? ಸರ್ಟಿಫಿಕೇಟ್ ಕೊಟ್ಟು ಮನಿಯಾಗ ಆರಾಮ ಇರ್ರಿ." ನಾನು ಹಟ ಹಿಡಿದು ಹೋಗಿ ಕೂತೆ. ನೆಗಡಿ, ಎದೆಯುರಿ, ಕಾಲುನೋವು ಎಂದು ಜನ ಮೊದಲು ಬರುವುದು ಅಂಗಡಿಗೇ. ಯಾವುದಕ್ಕೆ ಗುಳಿಗೆ ಸಾಕು, ಯಾವುದಕ್ಕೆ ವೈದ್ಯರೇ ಬೇಕು ಎಂದು ಹೇಳುವುದೇ ನಾನು ಕಲಿತ ವಿದ್ಯೆ. ಅದಕ್ಕೆ ಬಂದವರನ್ನು ನಾಲ್ಕು ಮಾತು ಕೇಳಬೇಕು. ಅಲ್ಲಿ ಕೇಳುವುದೇ ಅಪರಾಧವಾಯಿತು.

ಕುರಿ ಕಾಯುವ ಹುಲ್ಲಪ್ಪಜ್ಜ ಮೊಣಕಾಲಿನ ನೋವಿಗೆಂದು ಗುಳಿಗೆ ಒಯ್ಯುತ್ತಿದ್ದ. ಒಂದು ದಿನ ಕೇಳಿದೆ:

"ಅಜ್ಜಾ, ಏನರೆ ಉಂಡು ತಗೋತೀಯೋ, ಹಂಗ ನುಂಗ್ತೀಯೋ?"

"ಕುರಿ ಹಿಂದ ಹೋಗಾಂವಗ ಊಟ ಯಾವಾಗರೆ ಆಕೈತಿ ತಂಗಿ. ಗುಳಿಗಿ ಮಾತ್ರ ತಪ್ಪಸೂದಿಲ್ಲ."

"ಹೊಟ್ಟಿ ಉರೀತದೇನು?"

"ಭಾಳ ಉರಿತೈತಿ. ಅದಕ್ಕೂ ಒಂದ್ ಗುಳಿಗಿ ಕೊಡು."

ನಾನು ಎರಡನ್ನೂ ಕೊಡಲಿಲ್ಲ. ನೋವಿನ ಗುಳಿಗೆಯೇ ಹೊಟ್ಟೆ ಸುಡುತ್ತಿರಬಹುದು, ಇವತ್ತೇ ದವಾಖಾನೆಗೆ ತೋರಿಸು ಎಂದೆ. ಮೆಟ್ಟಿಲಿಳಿದವನನ್ನು ಮಾಲೀಕರು ಕೂಗಿ ಕರೆದು ಎರಡೂ ಕೊಟ್ಟರು. ನನ್ನ ಕಡೆ ತಿರುಗಿ, "ಬಂದ ಗಿರಾಕಿನ ಹೊಳ್ಳಿ ಕಳಸಾಕ ನಿಮ್ಮನ್ನ ಇಟ್ಕೊಂಡಿಲ್ರಿ. ನಾಳಿಂದ ಬರಬ್ಯಾಡ್ರಿ" ಎಂದರು. ಪ್ರಮಾಣಪತ್ರ ಕೇಳಿದೆ. "ಅದು ಇರ್ಲಿ ಬಿಡ್ರಿ, ಅದಿಲ್ಲಂದ್ರ ಅಂಗಡಿ ಲೈಸೆನ್ಸ್ ಉಳಿಯೂದಿಲ್ಲ" ಎಂದು ನಕ್ಕರು.

ಶ್ರಾವಣದಲ್ಲಿ ಹುಲ್ಲಪ್ಪಜ್ಜ ರಕ್ತ ಕಾರಿದ. ಬಾಗಲಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಸುದ್ದಿ ಕೇಳಿ ಮನೆಗೆ ಹೋದಾಗ ಅವನ ಹೆಂಡತಿ ಹುಚ್ಚವ್ವ ನನ್ನ ಕೈ ಹಿಡಿದುಕೊಂಡಳು.

"ಹೊರಕಡಿಗೆ ಕರ್ರಗ ಡಾಂಬರಿನಂಗ ಆಗಾಕತ್ತಿತ್ತು ಯವ್ವಾ. ಅಂಗಡಿಯಾಗ ಹೇಳಿದ್ವಿ. ಏನರೆ ತಿಂದಿರ್ಬೇಕು ಅಂತಂದು ಮತ್ತ ಅದ ಗುಳಿಗಿ ಕೊಟ್ರು. ನೀ ಎಲ್ಲಿ ಹೋಗಿದ್ದಿ?"

ಇದಕ್ಕೆ ಉತ್ತರ ತಮ್ಮ ಬಳಿ ಇದೆಯಲ್ಲ, ಮಾನ್ಯರೇ! ತಮ್ಮ ಕಡತದ ಪ್ರಕಾರ ನಾನು ಅಲ್ಲೇ ಕೂತಿದ್ದೆ. ಕಪ್ಪು ಮಲವೆಂದರೆ ಒಳಗೆ ರಕ್ತ ಸೋರುತ್ತಿರಬಹುದು ಎಂದು ಓದಿ ಪಾಸಾದವಳೇ ಆ ಗುಳಿಗೆ ಕೊಟ್ಟಳು ಎಂದಾಯಿತು. 'ಸಣ್ಣಪುಟ್ಟ ಕಾಯಿಲೆಗೆ ಫಾರ್ಮಾಸಿಸ್ಟರ ಸಲಹೆ ಕೇಳಿ' ಎಂದು ತಾವು ವೇದಿಕೆಯೇರಿ ಉಪದೇಶಿಸುತ್ತೀರಿ. ಯಾರನ್ನು ಕೇಳಬೇಕಿತ್ತು ಹುಚ್ಚವ್ವ? ಮೊಳೆಗೆ ನೇತುಬಿದ್ದ ಚೌಕಟ್ಟನ್ನೇ?

ತಮ್ಮ ಸಂತಾಪ ಬೇಡ. ಮುನ್ಸೂಚನೆ ಕೊಡದೆ ಬನ್ನಿ. ನನ್ನ ಪ್ರಮಾಣಪತ್ರ ಇಳಿಸಿ ನನ್ನ ಕೈಗೆ ಕೊಡಿ, ಅಂಗಡಿಗೆ ಬೀಗ ಹಾಕಿ. ಉಸಿರಾಡುವ ಫಾರ್ಮಾಸಿಸ್ಟ್ ಒಬ್ಬರು ಬಂದು ಕೂತ ದಿನ ಬಾಗಿಲು ತೆರೆಯಲಿ. ಬರುವ ಸೋಮವಾರದಿಂದ ನಾನೂ ಹುಚ್ಚವ್ವನೂ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತೇವೆ. ಒಳಗೆ ಹೋಗಬೇಕಾದರೆ ತಾವು ನಮ್ಮನ್ನು ದಾಟಿಯೇ ಹೋಗಬೇಕು.

ಇಂತಿ,
ಮದ್ದಿನ ವಿದ್ಯೆ ಕಲಿತು, ಸದ್ಯ ಖಣದ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿರುವ
ಪ್ರಾಚಿ
ಗುಳೇದಗುಡ್ಡ