ಆಯುಧಪೂಜೆಯ ಡೀಸೆಲ್

೨೫ ಅಕ್ಟೋಬರ್ ೨೦೨೦, ಭಾನುವಾರ

ಬೆಳಿಗ್ಗೆ ಕಾರು ತೊಳೆದೆ. ಬೆರಳೆಲ್ಲ ಮರಗಟ್ಟಿತು. ನಿನ್ನೆಯೇ ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಕೊಂಡು ಬಂದಿದ್ದೆ. ಖಾಲಿ ಟ್ಯಾಂಕಿನ ಗಾಡಿಗೆ ನಮ್ಮಲ್ಲಿ ಪೂಜೆ ಇಲ್ಲ. ಅಪ್ಪ ಉಡುಪಿಯಲ್ಲಿ ಬಸ್ಸು ಓಡಿಸುವಾಗಿನಿಂದಲೂ ಹಾಗೆಯೇ. ಮುಚ್ಚಳದವರೆಗೆ ತುಂಬಬೇಕು, ಆಮೇಲೆ ಕುಂಕುಮ.

ನೀಲಾವತಿ ನಕ್ಕಳು. "ಹೋಗ್ಲಿಕ್ಕೆ ಎಲ್ಲಿಗೆ ಉಂಟು ಅಂತ ಫುಲ್ ಟ್ಯಾಂಕ್? ಬೆಡ್‌ರೂಮಿಂದ ಲ್ಯಾಪ್‌ಟಾಪಿಗಾ?"

ಸರಿಯಾದ ಮಾತೇ. ಮಾರ್ಚ್‌ನಿಂದ ಕೊರೊನಾದಿಂದಾಗಿ ಜೈಡಾಸ್ ಬಡಾವಣೆಯ ಆಫೀಸಿನ ಮುಖ ನೋಡಿಲ್ಲ. ಆದರೂ ಪೂಜೆ ಪೂಜೆಯೇ. ಚಕ್ರದಡಿ ನಿಂಬೆಹಣ್ಣು, ಒಂದಡಿ ಮುಂದೆ, ಒಂದಡಿ ಹಿಂದೆ. ಎದುರುಮನೆಯ ಡಚ್ ಅಜ್ಜಿ ಕಿಟಕಿಯಿಂದ ಹೆಬ್ಬೆರಳೆತ್ತಿ ತೋರಿಸಿದರು. ಏನೆಂದು ತಿಳಿದರೋ ದೇವರೇ ಬಲ್ಲ.

ಇಲ್ಲಿಂದ ಎರಡು ಗಂಟೆ ದಾರಿಯ ಗ್ರೋನಿಂಗನ್‌ನಿಂದ ಮಗಳು ಅಶ್ವಿತಾ ಮತ್ತು ಅಳಿಯ ಸೃಜನ್ ವಿಡಿಯೋದಲ್ಲಿ ನೋಡಿದರು. ಮಗಳಿಗೀಗ ಐದು ತಿಂಗಳು.

"ಪಪ್ಪ, ಡೆಲಿವರಿಗೆ ಈ ಕಾರಲ್ಲೇ ಬರ್ಬೇಕು ನೀವಿಬ್ರೂ. ಲಾಸ್ಟ್ ಮಿನಿಟ್ ಅಲ್ಲ. ಪ್ರಾಮಿಸ್?"

ಪ್ರಾಮಿಸ್ ಎಂದೆ. ಕಾರಿನ ಬಾನೆಟ್ ಮುಟ್ಟಿ ಹೇಳಿದೆ. ಖುಷಿಯಾಯಿತು.

೨೨ ನವೆಂಬರ್, ಭಾನುವಾರ

ಕಾರು ನಿಂತಲ್ಲೇ ಇದೆ. ಮೇಲೆಲ್ಲ ಒಣ ಎಲೆ. ಪೂಜೆಯ ಚೆಂಡುಹೂ ವೈಪರಿಗೆ ಸಿಕ್ಕಿಕೊಂಡು ಕಪ್ಪಾಗಿದೆ.

ದೇಶದ ದಕ್ಷಿಣ ತುದಿಯ ಮಾಸ್ಟ್ರಿಕ್ಟ್‌ನಿಂದ ದಿವಾಕರನ ಫೋನ್. ಹಳೆ ದೋಸ್ತಿ, ನನಗಿಂತ ಮೊದಲು ಈ ದೇಶಕ್ಕೆ ಬಂದವನು. ಟ್ಯಾಂಕ್ ಫುಲ್ ಮಾಡಿದ ಕಥೆ ಹೇಳಿದ್ದಕ್ಕೆ ಬೈದ. "ಅಕ್ಟೋಬರಿನ ಡೀಸೆಲ್ ಚಳಿಗಾಲದ್ದಲ್ಲ ಮಾರಾಯ. ಇವ್ರು ಈಗಷ್ಟೇ ಬೇರೆ ಹಾಕ್ಲಿಕ್ಕೆ ಶುರು ಮಾಡುದು. ಜೋರು ಚಳಿ ಬಿದ್ರೆ ನಿನ್ನದು ಮೇಣ ಆಗ್ತದೆ, ಗೊತ್ತುಂಟಾ? ಗಟ್ಟಿಯಾಗದ ಹಾಗೆ ಅಡಿಟಿವ್ ಒಂದು ಬಾಟ್ಲಿ ತಂದು ಹಾಕು."

ತಂದೆ. ಕನ್ನಡಕ ಹಾಕಿ ಲೇಬಲ್ ಓದಿದೆ. ಮೊದಲು ಬಾಟ್ಲಿ ಸುರಿಯಬೇಕಂತೆ, ಮೇಲಿಂದ ಡೀಸೆಲ್ ತುಂಬಬೇಕಂತೆ... ಆಗ ಸರಿಯಾಗಿ ಬೆರೆಯುತ್ತದಂತೆ. ನನ್ನ ಟ್ಯಾಂಕ್ ಕಂಠಪೂರ್ತಿ. ಎಲ್ಲಿಗೆ ಸುರಿಯಲಿ?

"ಸುಮ್ನೆ ಎರಡು ರೌಂಡ್ ಹೋಗಿ ಖಾಲಿ ಮಾಡಿ ಬನ್ನಿ" ಎಂದಳು ನೀಲಾವತಿ.

ಪೂಜೆ ಮಾಡಿದ ಡೀಸೆಲ್. ಊರು ಸುತ್ತಿ ಸುಡುವುದೇ? ಮೊದಲ ಓಟ ಮಗಳ ಮನೆಗೇ. ದಾರಿಯಲ್ಲಿ ಅರ್ಧ ಖಾಲಿಯಾದಾಗ ಬಾಟ್ಲಿ ಹಾಕಿ ತುಂಬಿಸಿದರಾಯಿತು. ಬಾಟ್ಲಿ ಡಿಕ್ಕಿಯಲ್ಲಿಟ್ಟೆ.

೧೬ ಡಿಸೆಂಬರ್, ಬುಧವಾರ

ಮತ್ತೆ ಪೂರ್ತಿ ಲಾಕ್‌ಡೌನ್. ಸೃಜನ್ ಊರಿಗೆ ಹೋದ, ಅವನ ತಾಯಿಗೆ ಹಾರ್ಟ್ ಆಪರೇಷನ್. ಜನವರಿ ಕೊನೆಗೆ ವಾಪಸ್. ಹೋಗಬೇಡ ಎನ್ನಲು ನಾವ್ಯಾರು?

ಕಾರು ಸ್ಟಾರ್ಟ್ ಮಾಡಿದೆ. ಒಂದೇ ತಿರುವಿಗೆ ಸ್ಟಾರ್ಟ್! ಐದು ನಿಮಿಷ ಕೂತು ರೇಡಿಯೋ ಕೇಳಿ ಒಳಗೆ ಬಂದೆ.

೨೫ ಜನವರಿ ೨೦೨೧, ಸೋಮವಾರ

ಪಾಸಿಟಿವ್. ನಾನೇ. ಮನೆ ಬಿಟ್ಟು ಹೋಗದವನಿಗೆ ಎಲ್ಲಿಂದ ಅಂಟಿತೋ. ಜ್ವರ, ಮೈಕೈ ನೋವು. ನೀಲಾವತಿ ಟ್ರೇ ಬಾಗಿಲ ಬುಡದಲ್ಲಿಟ್ಟು ಹೋಗುತ್ತಾಳೆ. ನಮ್ಮ ಮನೆ ನಾಯಿಗೆ ಹೀಗೆ ಇಡುತ್ತಿದ್ದೆವು.

ಅಲ್ಲಿ ಸೃಜನನದ್ದೂ ಪಾಸಿಟಿವ್ ಬಂದಿದೆಯಂತೆ. ಟಿಕೆಟ್ ಕ್ಯಾನ್ಸಲ್. ಮಗಳು ಒಬ್ಬಳೇ, ಮೂರನೇ ಮಹಡಿಯ ಒಂದು ರೂಮಿನ ಮನೆಯಲ್ಲಿ. ಹೆರಿಗೆಗೆ ಇನ್ನೂ ಒಂದು ತಿಂಗಳಿದೆ ಎಂದು ನೀಲಾವತಿ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಾಳೆ.

೬ ಫೆಬ್ರವರಿ, ಶನಿವಾರ

ಕ್ವಾರಂಟೈನ್ ಮುಗಿಯಿತು! ನೀಲಾವತಿಗೆ ನೆಗೆಟಿವ್. ನಾಳೆ ಬೆಳಿಗ್ಗೆ ಹೊರಡುವುದು. ಅವಳನ್ನು ಅಲ್ಲಿ ಬಿಟ್ಟು ನಾನು ಕತ್ತಲಾಗುವ ಮೊದಲು ವಾಪಸ್, ಒಂಬತ್ತಕ್ಕೆ ಕರ್ಫ್ಯೂ. ಡಿಕ್ಕಿಯಲ್ಲಿ ಬಾಣಂತಿಯ ಸಾಮಾನು: ಎಳ್ಳೆಣ್ಣೆ, ಕಾಳುಮೆಣಸು, ಓಮ, ಕುಚ್ಚಲಕ್ಕಿ, ನನ್ನ ಹಳೆ ಪಂಚೆ ಹರಿದು ಹೊಲಿದ ಮಗುವಿನ ಬಟ್ಟೆ. ಜೊತೆಗೆ ಮಗುವಿನ ಕಾರ್ ಸೀಟ್. ನಡುವೆ ಆ ಬಾಟ್ಲಿ.

ನ್ಯೂಸಿನಲ್ಲಿ ಹಿಮಗಾಳಿ ಎನ್ನುತ್ತಿದ್ದಾರೆ. ಇವರು ಎರಡು ಹನಿ ಬಿದ್ದರೂ ಹಾಗೇ ಎನ್ನುತ್ತಾರೆ.

೭ ಫೆಬ್ರವರಿ, ಭಾನುವಾರ

ಬಾಗಿಲು ತೆರೆದರೆ ಬಿಳಿ. ಕಾರು ಎಲ್ಲಿದೆ ಎಂದು ಹುಡುಕಬೇಕಾಯಿತು. ಕೋಡ್ ರೆಡ್. ದೇಶದಲ್ಲಿ ಒಂದು ರೈಲೂ ಇಲ್ಲ. ರಸ್ತೆಗೆ ಇಳಿಯಬೇಡಿ ಎಂದು ಫೋನಿಗೆ ಮೆಸೇಜು.

"ಪರ್ವಾಗಿಲ್ಲ ಪಪ್ಪ, ನಾಳೆ ಬನ್ನಿ. ಸೊಂಟ ಸ್ವಲ್ಪ ನೋಯ್ತಿದೆ, ಅಷ್ಟೇ" ಎಂದಳು ಅಶ್ವಿತಾ.

ಸೊಂಟ ನೋವು ಎಂದದ್ದಕ್ಕೆ ನೀಲಾವತಿಯ ಮುಖ ಬದಲಾಯಿತು. ಹೋಗಿ ಕ್ಯಾಲೆಂಡರ್ ನೋಡಿ ದಿನ ಎಣಿಸಿದಳು. ಸಂಜೆಯವರೆಗೆ ಸಲಿಕೆ ಹಿಡಿದು ಕಾರಿನ ಸುತ್ತ ಹಿಮ ತೆಗೆದೆ. ಕೆಮ್ಮು ಬಂದು ಬಂದು ಕೂರಬೇಕಾಯಿತು.

೮ ಫೆಬ್ರವರಿ, ಸೋಮವಾರ, ಬೆಳಿಗ್ಗೆ ೭

ಮೈನಸ್ ಒಂಬತ್ತು. ಹೊರಟೆವು.

ಬೆಳಿಗ್ಗೆ ೮

ಹೊರಡಲಿಲ್ಲ. ಸ್ಟಾರ್ಟ್ ಆಯಿತು, ನೀಲಾವತಿ ಕೈಮುಗಿದಳು, ಬೀದಿ ತಿರುವಿನವರೆಗೆ ಹೋದೆವು. ಕಾರು ಒಮ್ಮೆ ಬಿಕ್ಕಿತು, ಇನ್ನೊಮ್ಮೆ, ಆಮೇಲೆ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಬರೀ ಗರಗರ. ಎದುರುಮನೆ ಅಜ್ಜಿ ಮತ್ತು ಪೇಪರಿನ ಹುಡುಗಿ ಹಿಂದಿನಿಂದ ನೂಕಿ ಮನೆ ಮುಂದೆ ತಂದು ನಿಲ್ಲಿಸಿದರು.

ದಿವಾಕರನಿಗೆ ಫೋನ್. ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ, "ಬಾಟ್ಲಿ ಹಾಕಿದ್ಯಾ?"

ಡಿಕ್ಕಿಯಲ್ಲಿದೆ ಎಂದೆ.

"ಅಯ್ಯೋ ದೂಮಪ್ಪ" ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ೧೦

ಐದು ನಿಮಿಷದ ಸ್ಟಾರ್ಟುಗಳಲ್ಲಿ ಡೀಸೆಲ್ ಉರಿದು ಟ್ಯಾಂಕಿನಲ್ಲಿ ಆದ ಅಷ್ಟಿಷ್ಟು ಜಾಗಕ್ಕೆ ಇಡೀ ಬಾಟ್ಲಿ ಸುರಿದೆ. ಅರ್ಧ ಚೆಲ್ಲಿತು. ಕಾರನ್ನು ಹಿಂದೆ ಮುಂದೆ ಅಲುಗಿಸಿದೆ, ಬೆರೆಯಲಿ ಎಂದು. ಏನೂ ಆಗಲಿಲ್ಲ. ಈಗ ಕೂತು ಲೇಬಲಿನ ಹಿಂಬದಿ ಓದುತ್ತಿದ್ದೇನೆ. ಡೀಸೆಲ್ ಗಟ್ಟಿಯಾಗುವ ಮೊದಲೇ ಹಾಕಬೇಕು. ಗಟ್ಟಿಯಾದ ಮೇಲೆ ಉಪಯೋಗವಿಲ್ಲ. ದಪ್ಪ ಅಕ್ಷರದಲ್ಲಿದೆ. ನವೆಂಬರಿನಲ್ಲಿ ಕಾಣಲಿಲ್ಲವೇ ಈ ಕಣ್ಣಿಗೆ?

ರಸ್ತೆ ಸಹಾಯದವರಿಗೆ ಫೋನ್ ಮಾಡಿದೆ. ಹೆಣ್ಣುಮಗಳು ಒಳ್ಳೆಯವಳು. ಕಾರನ್ನು ಎಳೆದುಕೊಂಡು ಹೋಗಿ ಬೆಚ್ಚಗಿನ ಗ್ಯಾರೇಜಿನಲ್ಲಿ ಇಡಬೇಕು, ಬೇರೆ ದಾರಿ ಇಲ್ಲ, ಇವತ್ತು ಗಾಡಿ ಇಲ್ಲ, ನಾಳೆಯೂ ಹೇಳಲಾರೆ ಎಂದಳು. ಮಗಳು ಬಸುರಿ ಎಂದೆ. "ಸಾರಿ ಮೆನೇರ್" ಎಂದಳು, ಇಲ್ಲಿಯವರ 'ಸಾರ್' ಅದು. ನಿಜವಾಗಿಯೂ ಸಾರಿ ಇತ್ತು ದನಿಯಲ್ಲಿ. ಏನು ಪ್ರಯೋಜನ.

ಮಧ್ಯಾಹ್ನ ೧೨.೩೦

ನೀಲಾವತಿ ಅಡುಗೆಮನೆ ಕಿಟಕಿಯಿಂದ ವಯರು ಎಳೆದು, ಬಾನೆಟ್ಟಿನೊಳಗೆ ತಲೆ ಹಾಕಿ, ಹೇರ್ ಡ್ರೈಯರಿನಿಂದ ಫಿಲ್ಟರಿಗೆ ಬಿಸಿಗಾಳಿ ಬಿಡುತ್ತಿದ್ದಾಳೆ. ಕಾಲ ಬುಡದಲ್ಲಿ ಬಿಸಿನೀರಿನ ಬಾಟಲಿ. ತಲೆಗೆ ನನ್ನ ಮಂಕಿ ಕ್ಯಾಪ್. ನಗು ಬರಬೇಕಿತ್ತು. ಕಣ್ಣು ತುಂಬಿತು.

ಒಮ್ಮೆ ಸ್ಟಾರ್ಟ್ ಆಯಿತು! ಇಬ್ಬರೂ ಕಿರುಚಿದೆವು. ಅರ್ಧ ನಿಮಿಷ ಓಡಿ ಸತ್ತಿತು. ಫಿಲ್ಟರ್ ಬೆಚ್ಚಗಾದರೇನು, ಟ್ಯಾಂಕಿನ ತುಂಬ ಮೇಣ ಕೂತಿದೆ. ನಾನೇ ತುಂಬಿದ್ದು, ಮುಚ್ಚಳದವರೆಗೆ.

"ಖಾಲಿ ಮಾಡಿ ಅಂದೆ" ಎಂದಳು ನೀಲಾವತಿ. "ಎರಡು ರೌಂಡ್ ಹೋಗಿ ಬನ್ನಿ ಅಂದೆ. ದೇವ್ರು ಬಂದು ಡೀಸೆಲ್ ಅಳೆದು ನೋಡ್ತಾರಾ ನಿಮ್ಮದು?"

ಡ್ರೈಯರ್ ಕಿತ್ತು ವಯರು ಸುತ್ತಿದೆ.

ಮಧ್ಯಾಹ್ನ ೩

ಅಶ್ವಿತಾಳ ಫೋನ್. ನೀರು ಒಡೆದಿದೆ. ಹದಿನೆಂಟು ದಿನ ಮೊದಲೇ.

"ಆಂಬುಲೆನ್ಸ್ ಬರ್ತಿದೆ. ಅಮ್ಮ ಎಲ್ಲಿದಾರೆ ಪಪ್ಪ? ನೀವು ಯಾವ ಊರು ದಾಟಿದ್ರಿ?"

ಹೊರಟಿದ್ದೇವೆ ಎಂದೇ ತಿಳಿದಿದ್ದಾಳೆ. ಗಾಬರಿಯಾಗದಿರಲಿ ಎಂದು ಬೆಳಿಗ್ಗೆ ನೀಲಾವತಿ ಕಾರಿನ ವಿಷಯ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು. ಮನೆ ಮುಂದೆಯೇ ಇದ್ದೇವೆ ಮಗಾ. ಗಾಡಿ ಹೋಗ್ತಿಲ್ಲ.

ಅಳಲಿಲ್ಲ ಅವಳು. "ಓ" ಎಂದಳು. ಆ "ಓ" ಕಿವಿಯಿಂದ ಹೋಗುತ್ತಿಲ್ಲ.

ಮೂರು ಟ್ಯಾಕ್ಸಿಯವರಿಗೆ ಫೋನ್ ಮಾಡಿದೆ. ಈ ರಸ್ತೆಯಲ್ಲಿ ಗ್ರೋನಿಂಗನ್‌ಗೆ ಯಾರೂ ಬರುವುದಿಲ್ಲ. ರೈಲಿನ ಆಪ್ ಅರ್ಧ ದಾರಿಯ ಸ್ವೊಲ್ಲೆಯವರೆಗೆ ತೋರಿಸುತ್ತದೆ, ಆಮೇಲೆ ಖಾಲಿ. ದಿವಾಕರ ತಾನೇ ಬರುತ್ತೇನೆ ಎಂದ. ಮಾಸ್ಟ್ರಿಕ್ಟ್‌ನಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಈ ಹಿಮದಲ್ಲಿ... ನಾಳೆ ಬೆಳಿಗ್ಗೆಯಾಗುತ್ತದೆ. ಬೇಡ ಎಂದೆ.

ಸಂಜೆ ೬

ವಿಡಿಯೋದಲ್ಲಿ ಇದ್ದೆವು. ಜೊತೆಗೆ ಒಬ್ಬರನ್ನು ಬಿಡುತ್ತಾರಂತೆ ಹೆರಿಗೆ ರೂಮಿಗೆ. ಒಂದು ಕುರ್ಚಿ ಇಟ್ಟಿದ್ದರು. ಫೋನನ್ನು ಆ ಕುರ್ಚಿಯ ಮೇಲೆ ನಿಲ್ಲಿಸಿದ್ದರು ನರ್ಸ್. ನಮಗೆ ಕಂಡದ್ದು ಮಂಚದ ಕಾಲು, ನರ್ಸಿನ ಬಿಳಿ ಶೂ, ಒಮ್ಮೊಮ್ಮೆ ಅಶ್ವಿತಾಳ ಕೈ. ನೀಲಾವತಿ ಪರದೆಯ ಮೇಲೆ ಆ ಕೈ ಸವರುತ್ತಿದ್ದಳು. "ಉಸಿರು ತಕೋ ಮಗಾ, ಉಸಿರು ತಕೋ" ಎನ್ನುತ್ತ. ಮಂಗಳೂರಿನಿಂದ ಸೃಜನ್ ಇನ್ನೊಂದು ಚೌಕದಲ್ಲಿ, ಮಾಸ್ಕ್ ಹಾಕಿ ಅಳುತ್ತಿದ್ದ.

ಒಮ್ಮೆ "ಪಪ್ಪಾ" ಎಂದು ಕೂಗಿದಳು. ಅಮ್ಮ ಎನ್ನಲಿಲ್ಲ. ಬಂದೆ ಎಂದೆ. ಎಲ್ಲಿಂದ ಬರುವುದು? ಬಾಯಿಂದ ಹಾಗೆಯೇ ಬಂತು, ಬಂದೆ ಮಗಾ, ಬಂದೆ ಮಗಾ.

ಆಮೇಲೆ ಶೂಗಳೆಲ್ಲ ಒಮ್ಮೆಲೇ ಓಡಿದವು. ಯಾರೋ ಫೋನ್ ಮಗುಚಿ ಹಾಕಿದರು. ಪರದೆ ಕಪ್ಪು.

ಇಷ್ಟು ಹೆದರಿಕೆ ನನಗೆ ಹುಟ್ಟಿದ ಮೇಲೆ ಆಗಿಲ್ಲ. ಏನು ಮಾಡಲಿ ಎಂದು ತೋಚದೆ ಇದನ್ನು ಬರೆಯುತ್ತಾ

ಸಂಜೆ ೭.೧೫

ಹೆಣ್ಣು ಮಗು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ. ಇಬ್ಬರೂ ಹುಷಾರು.

ನೀಲಾವತಿ ದೇವರಿಗೆ ದೀಪ ಹಚ್ಚಿದಳು. ನನ್ನ ಹತ್ತಿರ ಮಾತಾಡಲಿಲ್ಲ. ನಾನು ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತೆ. ಅದೂ ಸ್ಟಾರ್ಟ್ ಆಗದ ಕಾರು.

೧೧ ಫೆಬ್ರವರಿ, ಗುರುವಾರ

ನಿನ್ನೆ ರೈಲು ಬಿಟ್ಟರು. ನೀಲಾವತಿ ಹೊತ್ತುಕೊಳ್ಳುವಷ್ಟು ಹೊತ್ತುಕೊಂಡು ಹೋದಳು. ನಾನೂ ಬರುತ್ತೇನೆ ಎಂದೆ. ಅಲ್ಲಿ ಕ್ರಾಮ್‌ಜೋರ್ಗ್ ಹೆಂಗಸು ಬರುತ್ತಾರೆ, ಬಾಣಂತಿ ನೋಡಿಕೊಳ್ಳಲು ಇಲ್ಲಿನವರು ಕಳಿಸುವ ನರ್ಸ್. ಬಹಳ ಸ್ಟ್ರಿಕ್ಟ್. ದಿನಕ್ಕೆ ಒಬ್ಬರೇ ವಿಸಿಟರ್. ನೀಲಾವತಿ ತಾಯಿ, ಅಲ್ಲೇ ಮಲಗುತ್ತಾಳೆ ಎಂದು ಅಶ್ವಿತಾ ಹೇಳಿದರೂ ಅವರು ಕೇಳಲಿಲ್ಲ. ನೀಲಾವತಿಯ ವಿಳಾಸ ಇಲ್ಲಿನ ನಮ್ಮ ಮನೆ, ಆಮ್ಸ್ಟೆಲ್‌ವೇನ್, ಹಾಗಾಗಿ ದಿನವೂ ಅವಳೇ ವಿಸಿಟರ್. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ನೀಲಾವತಿ ಫೋಟೋ ಕಳಿಸುತ್ತಾಳೆ. ಕೆಳಗೆ ಒಂದು ಮಾತೂ ಬರೆಯುವುದಿಲ್ಲ. ನಾನು ಗಂಜಿ ಮಾಡಿಕೊಂಡು ಉಣ್ಣುತ್ತೇನೆ. ಕಿಟಕಿಯಿಂದ ಕಾರು ನೋಡುತ್ತೇನೆ.

೧೫ ಫೆಬ್ರವರಿ, ಸೋಮವಾರ, ಬೆಳಿಗ್ಗೆ

ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಪ್ಲಸ್ ಆರು. ಏನೂ ಹಾಕದೆ, ಯಾರನ್ನೂ ಕರೆಯದೆ, ಸುಮ್ಮನೆ ಕೀಲಿ ತಿರುಗಿಸಿದೆ. ಒಂದೇ ತಿರುವಿಗೆ ಸ್ಟಾರ್ಟ್. ಏನೂ ಆಗಿಯೇ ಇಲ್ಲ ಎಂಬಂತೆ ಓಡುತ್ತಿದೆ ಹಲ್ಕಾ ಗಾಡಿ. ಒದೆಯಬೇಕೆನಿಸಿತು. ಒದೆಯಲಿಲ್ಲ. ಆಫೀಸಿಗೆ ರಜೆ ಹೇಳಿ ಹೊರಟೆ.

ಮಧ್ಯಾಹ್ನ ೨.೪೦, ಗ್ರೋನಿಂಗನ್

ಅಶ್ವಿತಾಳ ಮನೆ ಕೆಳಗೆ ಇದ್ದೇನೆ, ಕಾರಿನಲ್ಲೇ. ಎಂಜಿನ್ ಆಫ್ ಮಾಡಿಲ್ಲ. ದಾರಿಯಲ್ಲೂ ಎಲ್ಲಿಯೂ ಮಾಡಲಿಲ್ಲ, ಒಂದಕ್ಕೂ ಇಳಿಯಲಿಲ್ಲ. ಮತ್ತೆ ಸ್ಟಾರ್ಟ್ ಆಗದಿದ್ದರೆ? ಮುಳ್ಳು ಇನ್ನೂ ಅರ್ಧದ ಮೇಲಿದೆ. ಪೂಜೆಯ ಡೀಸೆಲ್ ಮುಗಿಯುವಂತೆ ಕಾಣುವುದಿಲ್ಲ.

ನೀಲಾವತಿ ಬಂದು ಡಿಕ್ಕಿಯಿಂದ ಕುಚ್ಚಲಕ್ಕಿ, ಎಣ್ಣೆ ತೆಗೆದುಕೊಂಡಳು. ನನ್ನ ಮುಖ ನೋಡಿ, "ತಿಂದ್ರಾ ಎಂತಾದ್ರೂ?" ಎಂದಳು. ಒಂದು ವಾರದ ಮೇಲೆ ಮೊದಲ ಮಾತು. ಇಲ್ಲ ಎಂದೆ. ಚಪಾತಿ ಸುತ್ತಿ ತಂದಿದ್ದಳು, ಕೊಟ್ಟು ಮೇಲೆ ಹೋದಳು. ನರ್ಸ್ ಇನ್ನೂ ಒಳಗಿದ್ದಾರಂತೆ. ಒಬ್ಬರೇ ವಿಸಿಟರ್.

ಮೂರನೇ ಮಹಡಿಯ ಕಿಟಕಿ ನೋಡುತ್ತಿದ್ದೇನೆ. ಪರದೆ ಎಳೆದಿದೆ. ಇಷ್ಟು ಹತ್ತಿರ ಬಂದು...

೩.೧೦

ನರ್ಸ್ ಸೈಕಲ್ ಏರಿ ಹೋದರು. ನನಗೆ ಕೈ ಬೀಸಿದರು, ಯಾರೆಂದು ತಿಳಿಯದೆ.

ಈಗ ಅಶ್ವಿತಾಳ ಫೋನ್. ದನಿ ಸಣ್ಣಗಾಗಿದೆ.

"ಪಪ್ಪ, ಹೀಟರ್ ಕೆಲಸ ಮಾಡ್ತಿದ್ಯಾ?"

ಮಾಡ್ತಿದೆ ಎಂದೆ. ಬರುವುದು ತಡವಾಯಿತು ಮಗಾ ಎಂದೆ. ಆಚೆ ಮಗು ಕುಂಯ್‌ಗುಟ್ಟಿತು.

"ಬಂದೆ ಬಂದೆ ಅಂತಿದ್ರಲ್ಲ ಅವತ್ತು. ಕೇಳಿಸ್ತಿತ್ತು ನಂಗೆ. ಈಗ ಹೀಟರ್ ಜೋರು ಇಡಿ, ಕೈಗೆ ಸ್ಯಾನಿಟೈಸರ್ ಹಾಕಿ. ಮನೆಗೆ ತಾನೇ ಒಬ್ರು ವಿಸಿಟರ್? ಕಾರು ಮನೆ ಅಲ್ವಲ್ಲ. ನಾವು ಕೆಳಗೆ ಬರ್ತಿದೀವಿ. ಎಂಜಿನ್ ಮಾತ್ರ ಆಫ್ ಮಾಡ್ಬೇಡಿ."

ಹೀಟರ್ ಪೂರ್ತಿ ಇಟ್ಟೆ. ಮಾಸ್ಕ್ ಹಾಕಿಕೊಂಡೆ. ಕೈಗೆ ಎರಡು ಸಲ ಸ್ಯಾನಿಟೈಸರ್, ಒಣಗಲಿ ಎಂದು ಹೀಟರಿನ ಮುಂದೆ ಹಿಡಿದೆ, ಅದಕ್ಕೇ ಅಕ್ಷರ ವಕ್ರ. ಮೆಟ್ಟಿಲಿನ ದೀಪ ಹತ್ತಿತು. ಎರಡನೇ ಮಹಡಿ. ಮೊದಲನೆಯದು. ನೀಲಾವತಿ ಮುಂದೆ, ಬಾಗಿಲು ಹಿಡಿದು ನಿಂತಿದ್ದಾಳೆ. ಹಿಂದೆ ಅಶ್ವಿತಾ, ನಿಧಾನಕ್ಕೆ, ಎದೆಗೊತ್ತಿಕೊಂಡು... ನನ್ನ ಪಂಚೆಯ ಬಟ್ಟೆಯಲ್ಲೇ ಸುತ್ತಿದ್ದಾರೆ. ಹಿಂದಿನ ಬಾಗಿಲು ತೆರೆಯಬೇಕು, ಲಾಕ್